ಹಳೇ ಡಿಸ್ಕ್ ಉಸಿರಾಡೂತನಕಾನ

ಈ ಸಲ ಅಡಿಗಿ ಮನಿ ಬಿಟ್ಟು ಕಂಪ್ಯೂಟರಿನ ಹೊಟ್ಟಿಯೊಳಗಿನ ಇತಿಹಾಸ ಬರಿಯಾಕತ್ತೀನಿ. ನಗಬ್ಯಾಡ್ರಿ. ಹುಡುಗರ ಓದಿಗಂತ ತಂದ ಕಂಪ್ಯೂಟರ್ ಹುಬ್ಬಳ್ಳಿ-ಧಾರವಾಡದಾಗ ಎಷ್ಟೋ ಮನಿಯೊಳಗ ಈಗ ಮೂಲಿ ಹಿಡಿದು ಕುಂತಾವ. ಚಾಲೂ ಮಾಡಿದ್ರ ಕಾಲು ತಾಸು ತಗೋತಾವ, ಒಳಗ ಟಕ್ ಟಕ್ ಅಂತಾವ. ರಿಪೇರಿಯವ್ರಿಗೆ ತೋರಿಸಿದ್ರ, "ಹಾರ್ಡ್ ಡಿಸ್ಕ್ ಹೋಗಾಕತ್ತೇತ್ರಿ, ಹೊಸಾದು ಹಾಕಿ ಫಾರ್ಮ್ಯಾಟ್ ಮಾಡಿ ಕೊಡ್ತೀವಿ" ಅಂತಾರ. ಫಾರ್ಮ್ಯಾಟ್ ಅಂದ್ರ ಖಾಲಿ ಮನಿ. ಹಳೇ ಮನಿಯೊಳಗಿದ್ದ ಬಾಳೇವು ಎಲ್ಲಿ ಹೋತು? ಅದನ್ನ ಇದ್ದಂಗ ಎತ್ತಿ ಹೊಸ ಡಿಸ್ಕಿಗೆ ತರಾಕ ಬರೂದಿಲ್ಲೇನು? ಬರತೈತ್ರಿ. ಅದನ್ನ ಮಂದಿ ಹೆಂಗ ಕಲಿತ್ರು ಅನ್ನೂದ ಇವತ್ತಿನ ಕಥಿ.

ಮೊದಲನೇ ಹಾರ್ಡ್ ಡಿಸ್ಕ್ ಬಂದದ್ದು 1956ರಾಗ. ಅಮೆರಿಕಾದ ಸ್ಯಾನ್ ಹೋಸೆ ಊರಾಗ ಐಬಿಎಂ ಕಂಪನಿಯವ್ರು, ರೆನಾಲ್ಡ್ ಜಾನ್ಸನ್ ಅನ್ನೋರ ಮುಂದಾಳ್ತನದಾಗ ಮಾಡಿದ್ರು. ರಾಮ್ಯಾಕ್ ಅನ್ನೂ ಕಂಪ್ಯೂಟರಿಗೆ ಜೋಡಿಸಿದ್ದು. 24 ಇಂಚು ಅಗಲದ 50 ತಟ್ಟಿ, ಒಂದರ ಮ್ಯಾಲೆ ಒಂದು, ಗರಗರ ತಿರಗತಿದ್ವು. ತೂಕ ಹತ್ರ ಹತ್ರ ಒಂದು ಟನ್. ಅಷ್ಟು ದೊಡ್ಡ ಯಂತ್ರದಾಗ ಹಿಡೀತಿದ್ದದ್ದು 50 ಲಕ್ಷ ಅಕ್ಷರ. ಈಗ ನಾವು ಫೋನಿನಾಗ ಹೋಳಿಗಿ ತಟ್ಟಿದ್ದು ಒಂದು ಫೋಟೋ ಹೊಡದ್ರ ಅಷ್ಟಕ್ಕಷ್ಟ ಆಗತೈತಿ ನೋಡ್ರಿ.

1973ರಾಗ ಅದ ಕಂಪನಿ ವಿಂಚೆಸ್ಟರ್ ಅನ್ನೂ ಡಿಸ್ಕ್ ತಂತು. ಅದರಾಗ ತಟ್ಟಿನೂ, ಅದನ್ನ ಓದೂ ತಲಿನೂ ಕೂಡೇ ಒಂದ ಡಬ್ಬಿಯೊಳಗ ಮುಚ್ಚಿಟ್ಟಿದ್ರು. ಇವತ್ತಿನ ತನಕ ತಿರಗೂ ಡಿಸ್ಕೆಲ್ಲಾ ಅದ ವಂಶದ್ವು. ಓದೂ ತಲಿ ತಟ್ಟಿಗೆ ತಾಕಂಗಿಲ್ಲ, ಕೂದಲೆಳಿಗಿಂತ ಸಣ್ಣ ಸಂದಿ ಬಿಟ್ಟು ಗಾಳಿ ಮ್ಯಾಲೆ ತೇಲತೈತಿ. ಒಂದು ಧೂಳಿನ ಕಣ ಹೊಕ್ಕರೂ ಗೀರು ಬೀಳತೈತಿ. ಅದಕ್ಕ ಆ ಡಬ್ಬಿ ಮನಿಯೊಳಗ ಎಂದೂ ಬಿಚ್ಚಬಾರದು. ತಲಿಗೆ ತನ್ನ ಜಾಗಾ ಸಿಗದ ಹೊಳ್ಳಿ ಹೊಳ್ಳಿ ಹುಡುಕಾಡಿದಾಗ ಆ ಟಕ್ ಟಕ್ ಸಪ್ಪಳ ಬರತೈತಿ.

1980ರಾಗ ಡಿಸ್ಕ್ ಸಣ್ಣದಾಗಿ ಐದೂಕಾಲು ಇಂಚಿಗೆ ಬಂತು. 1983ರಾಗ ಐಬಿಎಂನವ್ರ ಎಕ್ಸ್‌ಟಿ ಅನ್ನೂ ಕಂಪ್ಯೂಟರ್ 10 ಮೆಗಾಬೈಟ್ ಡಿಸ್ಕ್ ಹೊಟ್ಟಿಯೊಳಗ ಇಟಗೊಂಡ ಬಂತು. ನಮ್ಮ ಕಥಿ ಚಾಲೂ ಆಗೂದ ಇಲ್ಲಿಂದ. ಅದಕ್ಕಿಂತ ಮೊದಲ ಇಂಥಾ ಸಣ್ಣ ಕಂಪ್ಯೂಟರ್ ನಡಸೂ ಆಪರೇಟಿಂಗ್ ಸಿಸ್ಟಮ್ ಫ್ಲಾಪಿಯೊಳಗ ಇರತಿತ್ತು. ಯಂತ್ರ ಕೆಟ್ಟರೂ ಫ್ಲಾಪಿ ಕಪಾಟಿನಾಗ ಸುರಕ್ಷಿತ. ಈಗ ಸಿಸ್ಟಮ್ ಡಿಸ್ಕಿನೊಳಗ ಮನಿ ಮಾಡ್ತು. ಡಿಸ್ಕ್ ಸತ್ರ ಮನಿಯೊಡತಿನೂ ಸತ್ತಂಗ.

ಹಂಗಾದ್ರ ಫೈಲೆಲ್ಲಾ ಹೊಸ ಡಿಸ್ಕಿಗೆ ಕಾಪಿ ಮಾಡಿದ್ರ ಆತಲ್ಲ? ಆಗಂಗಿಲ್ಲ. ಹೊಸ ಮನಿಗೆ ಹೋದಾಗ ಭಾಂಡಿ-ಬಟ್ಟಿ ಎಲ್ಲಾ ಸಾಗಿಸಿದ್ರೂ ಒಲಿ ಹೊತ್ತಿಸಿ ಹಾಲು ಉಕ್ಕಸೂತನಕ ಅದು ಮನಿ ಅನ್ನಸಂಗಿಲ್ಲ. ಡಿಸ್ಕಿನ ಒಲಿ ಅದರ ಕಟ್ಟಾ ಮೊದಲಿನ 512 ಬೈಟಿನ ಒಂದು ತುಣುಕಿನಾಗ ಇರತಿತ್ತು. ಕಂಪ್ಯೂಟರ್ ಎದ್ದ ಕೂಡಲೇ ಮೊದಲ ಓದೂದು ಅದನ್ನ, ಅದು ಮುಂದಿನ ದಾರಿ ತೋರಸತಿತ್ತು. ಅದು ಫೈಲ್ ಅಲ್ಲ, ಹಂಗಾಗಿ ಫೈಲ್ ಕಾಪಿ ಮಾಡೂವಾಗ ಬರಂಗಿಲ್ಲ. ಡಾಸ್ ಕಾಲದಾಗ ಇದಕ್ಕಂತನ 'ಸಿಸ್' ಅನ್ನೂ ಆಜ್ಞೆ ಇತ್ತು. ಕಣ್ಣಿಗೆ ಕಾಣದಂಗ ಇಟ್ಟ ಸಿಸ್ಟಮ್ ಫೈಲು ಮತ್ತ ಸಿಸ್ಟಮ್ ಎಬ್ಬಸೂ ತುಣುಕು ಅದು ಹೊಸ ಡಿಸ್ಕಿಗೆ ಬರೀತಿತ್ತು. ಉಳದದ್ದು ಕಾಪಿ ಮಾಡಿದ್ರ ಕೆಲಸ ಮುಗೀತಿತ್ತು.

ವಿಂಡೋಸ್ 95 ಬಂದ ಮ್ಯಾಲೆ ಆ ಸುಖ ಹೋತು. ಸಾವಿರಗಟ್ಲೆ ಫೈಲು. ಸಿಸ್ಟಮ್ ನಡದಿದ್ದಾಗ ಅದರಾಗ ಕೆಲವು ಮುಟ್ಟಾಕ ಬಿಡಂಗಿಲ್ಲ. ಅದನ್ನ ಮಲಗಿಸಿ ಡಾಸಿನಿಂದ ಕಾಪಿ ಮಾಡಿದ್ರ ಉದ್ದ ಹೆಸರೆಲ್ಲಾ ಎಂಟು ಅಕ್ಷರಕ್ಕ ಕತ್ತರಿಸಿ ಬೀಳತಿದ್ವು, ಹೆಸರು ಕೆಟ್ಟ ಮ್ಯಾಲೆ ವಿಂಡೋಸಿಗೆ ತನ್ನ ಸಾಮಾನ ತನಗ ಸಿಗತಿರಲಿಲ್ಲ. ಈ ತ್ರಾಸಕ್ಕ ಉತ್ತರ ನ್ಯೂಜಿಲೆಂಡಿನ ಆಕ್ಲೆಂಡ್ ಊರಿಂದ ಬಂತು. ಮರ್ರೀ ಹ್ಯಾಜರ್ಡ್ ಅನ್ನೋರು ಘೋಸ್ಟ್ ಅನ್ನೂ ಪ್ರೋಗ್ರಾಮ್ ಬರದ್ರು. ಒಂದು ಡಿಸ್ಕಿನ ಪಡಿಯಚ್ಚು ಇಡಿಯಾಗಿ ಇನ್ನೊಂದರ ಮ್ಯಾಲೆ ಇಳಸತಿತ್ತು, ಒಲಿನೂ ಬಂತು, ಭಾಂಡಿನೂ ಬಂತು. 1998ರಾಗ ಸಿಮ್ಯಾಂಟೆಕ್ ಅನ್ನೂ ಕಂಪನಿ ಅದನ್ನ ಕೊಂಡುಕೊಂತು. ಆಮ್ಯಾಲೆ ತೈವಾನಿನವ್ರು ಕ್ಲೋನ್‌ಜಿಲ್ಲಾ ಅಂತ ಪುಕ್ಕಟೆ ಸಿಗೂ ಪ್ರೋಗ್ರಾಮ್ ಮಾಡಿದ್ರು.

ಆದ್ರ ಒಂದು ತೊಡಕು ಉಳೀತು. ಇವೆಲ್ಲಾ ಡಿಸ್ಕ್ ಗಟ್ಟಿ ಇದ್ದಾಗ ಛಲೋ. ಸಾಯಾಕತ್ತಿದ ಡಿಸ್ಕಿಗೆ? ಯೂನಿಕ್ಸ್ ಸಿಸ್ಟಮಿನಾಗ 1970ರ ದಶಕದಿಂದ 'ಡಿಡಿ' ಅನ್ನೂ ಆಜ್ಞೆ ಐತಿ. ಒಳಗ ಏನೈತಿ ಅಂತ ನೋಡದ ಮೊದಲಿಂದ ಕಡೀತನಕ ಹಂಗ ನಕಲ ಮಾಡತೈತಿ. ಆದ್ರ ಓದಾಕ ಬರದ ಜಾಗಾ ಸಿಕ್ಕರ, ಬ್ಯಾರೆ ಹೇಳದಿದ್ರ, ಅಲ್ಲೇ ನಿಂತುಬಿಡತೈತಿ. ಹಟ ಹಿಡಿದು ಅಲ್ಲೇ ತಿಕ್ಕಿದ್ರ ಡಿಸ್ಕಿನ ಉಳದ ಜೀವಾನೂ ಹೋಗತೈತಿ.

ಜೀರ್ಣ ಆದ ಇಳಕಲ್ ಸೀರಿ ಕೈಗೆ ಬಂದ್ರ ನಾವು ಏನ್ ಮಾಡ್ತೀವ್ರಿ? ಒಗಿಯೂ ಕಲ್ಲಿಗೆ ಕುಕ್ಕಂಗಿಲ್ಲ. ಗಟ್ಟಿ ಇರೂ ಸೆರಗು, ದಡಿ ಮೊದಲ ಬಿಡಿಸಿ ತಗೋತೀವಿ. ಪಿಸದ ಭಾಗಕ್ಕ ಕಡೀಕ ಕೈ ಹಾಕ್ತೀವಿ, ಬಂದಷ್ಟು ಕೌದಿಗೆ. 2004ರಾಗ ಆಂಟೋನಿಯೋ ಡಿಯಾಜ್ ಅನ್ನೋರು ಬರದ 'ಡಿಡಿ ರೆಸ್ಕ್ಯೂ' ಮಾಡೂದೂ ಇಷ್ಟ. ಸಲೀಸ ಓದಾಕ ಬರೂ ಜಾಗಾ ಎಲ್ಲಾ ಮೊದಲ ತಗೋತೈತಿ. ಎಲ್ಲಿ ತಡೀತೋ ಅದನ್ನ ಒಂದು ಚೀಟಿಯೊಳಗ ಬರದಿಟ್ಟು ಮುಂದ ಹೋಗತೈತಿ. ಎಲ್ಲಾ ಮುಗದ ಮ್ಯಾಲೆ ಚೀಟಿ ನೋಡಿ ಹೊಳ್ಳಿ ಬಂದು ಕೆಟ್ಟ ಜಾಗಾ ಒಂದೊಂದ ಕೆದರತೈತಿ. ನಡುವ ಕರೆಂಟ್ ಹೋದ್ರೂ ಬಿಟ್ಟಲ್ಲಿಂದ ಹಿಡಕೋತೈತಿ.

ಇಷ್ಟೆಲ್ಲಾ ಯಾಕ ಬೇಕು, ಫೋಟೋ ಅಷ್ಟ ಪೆನ್‌ಡ್ರೈವಿಗೆ ಹಾಕ್ಕೊಂಡ್ರ ಸಾಕಲ್ಲ ಅಂತೀರಿ. ಫೋಟೋಕ್ಕ ಸಾಕು. ಕನ್ನಡಕ್ಕ ಸಾಲಂಗಿಲ್ಲ. ನಮ್ಮ ಅತ್ತಿಯವ್ರು ಹೇಳತಿದ್ದ ಬೀಸೂಕಲ್ಲಿನ ಹಾಡು, ಮನಿಯೊಳಗಿನ ಹಳೇ ಕಂಪ್ಯೂಟರಿನಾಗ ನುಡಿಯೊಳಗ ಟೈಪ್ ಮಾಡಿದ್ದೆ. ಅತ್ತಿ ಈಗ ಇಲ್ಲ. ಆ ಫೈಲು ಮಗಳ ಲ್ಯಾಪ್‌ಟಾಪಿನಾಗ ತೆಗದ್ರ ಒಂದು ಕನ್ನಡ ಅಕ್ಷರ ಕಾಣವಲ್ದು. ನೆತ್ತಿ ಮ್ಯಾಲೆ ಚುಕ್ಕಿ, ಗೆರಿ ಇರೂ ಪರದೇಶಿ ಅಕ್ಷರ ಸಾಲಾಗಿ ನಿಂತಿದ್ವು. ಯಾಕಂದ್ರ ಮೊದಲಿನ ನುಡಿ, ಬರಹದಾಗ ಕನ್ನಡ ಇರತಿದ್ದದ್ದು ಫಾಂಟಿನಾಗ. ಒಳಗ ಬರಿ ಇಂಗ್ಲಿಷ್ ಸಂಕೇತ, ಅದಕ್ಕ ಕನ್ನಡದ ಸೀರಿ ಉಡಸತಿದ್ದದ್ದು ಆ ಫಾಂಟು. ಯೂನಿಕೋಡಿನಾಗ ಕನ್ನಡಕ್ಕ 1991ರಾಗ ಜಾಗಾ ಸಿಕ್ಕಿತ್ತು, ವಿಂಡೋಸಿನಾಗ ತುಂಗಾ ಫಾಂಟಿನ ಜೋಡಿ ಕನ್ನಡ ಬಂದದ್ದು 2001ರ ಎಕ್ಸ್‌ಪಿಯೊಳಗ. ಆದ್ರೂ ಬಹಳ ವರ್ಷ ನಾವೆಲ್ಲಾ ಹಳೇ ಪದ್ಧತಿಯೊಳಗ ಬರದೀವಿ. ಹಿಂಗಾಗಿ ಫೈಲ್ ಒಂದ ತಂದ್ರ ಹೆಣ ತಂದಂಗ. ಅದನ್ನ ಓದಾಕ ಬರೂ ಸಿಸ್ಟಮನ್ನೂ ತಂದ್ರ ಜೀವ.

ನಮ್ಮ ಧಾರವಾಡದ ನೆಲಕ್ಕ ಇದು ಹೊಸಾ ಮಾತಲ್ಲ. 1880ರಾಗ ಇಲ್ಲೇ ಹುಟ್ಟಿದ ಫ. ಗು. ಹಳಕಟ್ಟಿಯವ್ರು ವಿಜಯಪುರದಾಗ ವಕೀಲಿಕಿ ಮಾಡಕೋತ ಊರೂರು ಅಡ್ಡಾಡಿ ವಚನದ ತಾಡೋಲಿ ಕೂಡಿಸಿದ್ರು. ಹುಳ ತಿಂದು, ಅಂಚು ಮುರಕೊಂಡು ಹೋಗೂ ಗರಿಯಿಂದ ಕಾಗದಕ್ಕ ಇಳಿಸಿ, 1923ರಾಗ ವಚನಶಾಸ್ತ್ರಸಾರ ಅಚ್ಚು ಹಾಕಿಸಿದ್ರು. ಮುಂದ 1925ರಾಗ ಹಿತಚಿಂತಕ ಅಂತ ತಮ್ಮದ ಛಾಪಖಾನಿ ಹಾಕಿದ್ರು. ಗರಿ ಇನ್ನೂ ಓದಾಕ ಬರತಿದ್ದಾಗ, ಆ ಅಕ್ಷರ ಬಲ್ಲವ್ರು ಇನ್ನೂ ಇದ್ದಾಗ ಕೈ ಹಾಕಿದ್ರು, ಅದಕ್ಕ ಉಳದಾವ. ಇನ್ನಷ್ಟು ವರ್ಷ ತಡದಿದ್ರ ಎಷ್ಟು ವಚನ ಮಣ್ಣು ಪಾಲಾಗತಿದ್ವೋ.

ಡಿಸ್ಕಿಗೂ ಅದ ಧರ್ಮ. ಡಿಸ್ಕ್ ತನ್ನ ಆರೋಗ್ಯ ತಾನ ಹೇಳೂ ಸ್ಮಾರ್ಟ್ ಅನ್ನೂ ವ್ಯವಸ್ಥಾ 1990ರ ದಶಕದಾಗ ಬಂತು. ಆದ್ರ ಅದನ್ನ ಪೂರಾ ನಂಬಾಕ ಬರಂಗಿಲ್ಲ. 2007ರಾಗ ಗೂಗಲ್ ಕಂಪನಿಯವ್ರು ಲಕ್ಷಕ್ಕೂ ಹೆಚ್ಚು ಡಿಸ್ಕ್ ನೋಡಿ ಬರದ್ರು: ಕೆಟ್ಟ ಡಿಸ್ಕಿನಾಗ ಅರ್ಧಕ್ಕಿಂತ ಹೆಚ್ಚಿನವು ನಾಲ್ಕು ಮುಖ್ಯ ಲಕ್ಷಣದೊಳಗ ಒಂದನ್ನೂ ತೋರಸದ ಹೋಗಿದ್ವು. ಹೇಳದ ಹೋಗೂವು ಅಷ್ಟು ಇದ್ದಾಗ, ಹೇಳಿ ಹೋಗೂದು ಪುಣ್ಯಾ ಅಂತ ತಿಳಕೊಂಡು ಕೂಡಲೇ ಏಳಬೇಕು.

ಅದಕ್ಕ ಕಂಪ್ಯೂಟರ್ ನಿಧಾನ ಆಗಿ ಸಪ್ಪಳ ಮಾಡಿದ್ರ, ಸರಿ ಆಗೇತೇನು ಅಂತ ದಿನಾ ಚಾಲೂ ಮಾಡಿ ನೋಡಬ್ಯಾಡ್ರಿ. ಬಂದ್ ಮಾಡಿ ಇಡ್ರಿ. ತಿಳದವ್ರ ಕಡೆ ಒಯ್ದು, "ಫಾರ್ಮ್ಯಾಟ್ ಬ್ಯಾಡ, ಕ್ಲೋನ್ ಮಾಡಿ ಕೊಡ್ರಿ" ಅಂತ ಬಾಯಿ ಬಿಟ್ಟು ಹೇಳ್ರಿ. ಹೊಸ ಡಿಸ್ಕ್ ಹಳೇದಕ್ಕಿಂತ ಸಣ್ಣದಿರಬಾರದು. ಯಾವುದರಿಂದ ಯಾವುದಕ್ಕ ಅನ್ನೂದು ಎರಡೆರಡು ಸಲ ನೋಡಕೋಬೇಕು, ತಿರುವು ಮುರುವು ಆದ್ರ ಖಾಲಿ ಡಿಸ್ಕ್ ಬಂದು ತುಂಬಿದ್ದರ ಮ್ಯಾಲೆ ಕೂಡತೈತಿ. ಹಳೇ ಮನಿಯ ತಿಗಣಿನೂ ಸಾಮಾನದ ಜೋಡಿ ಬಂದಂಗ ವೈರಸ್ಸೂ ಬರತಾವ, ಅದನ್ನ ಆಮ್ಯಾಲೆ ಸ್ವಚ್ಛ ಮಾಡಿಸ್ರಿ. ಎಕ್ಸ್‌ಪಿಯಂಥಾ ಹಳೇ ಸಿಸ್ಟಮಿಗೆ 2014ರಾಗ ಕಂಪನಿಯವ್ರು ಕೈ ಬಿಟ್ಟಾರ, ಅದಕ್ಕ ಇಂಟರ್ನೆಟ್ ಜೋಡಸಬ್ಯಾಡ್ರಿ.

ನಮ್ಮ ಮನಿ ಡಿಸ್ಕ್ ಹಿಂಗ ನಕಲ ಆಗಾಕ ಒಂದು ರಾತ್ರಿ, ಮರುದಿನ ಮಧ್ಯಾಹ್ನತನಕ ಹಿಡೀತು. ಚೂರು ಚಾರು ಬಿಟ್ಟು ಎಲ್ಲಾ ಬಂತು. ಹೊಸ ಡಿಸ್ಕಿನಾಗ ಹಳೇ ನುಡಿ ತೆರೀತು, ಹಾಡು ಕನ್ನಡದಾಗ ಕಂಡ್ವು. ಈಗ ಒಂದೊಂದ ಹಾಡು ಯೂನಿಕೋಡಿಗೆ ಇಳಸಾಕತ್ತೀನಿ, ಇಪ್ಪತ್ತಾರು ಆಗ್ಯಾವ. ಹಳೇ ಡಿಸ್ಕ್ ಅರಿವಿಯೊಳಗ ಸುತ್ತಿ ಕಪಾಟಿನಾಗ ಇಟ್ಟೀನಿ. ಎಲ್ಲಾ ಹಾಡು ಇಳದು ಇನ್ನೊಂದು ಕಡೆ ನಕಲ ಆಗೂತನಕ ಅದನ್ನ ಗುಜರಿಗೆ ಹಾಕಂಗಿಲ್ಲ. ನಿಮ್ಮ ಮನಿ ಮೂಲ್ಯಾಗ ಕುಂತದ್ದನ್ನೂ ಈ ವಾರದಾಗ ಒಮ್ಮೆ ವಿಚಾರಿಸ್ರಿ.