ಮೇಕೆದಾಟು ಹರಿಗೋಲು ವಿಹಾರ

ಮೇಕೆದಾಟು ಹರಿಗೋಲು ವಿಹಾರವು ಕರ್ನಾಟಕದ ಕನಕಪುರ ತಾಲ್ಲೂಕಿನ ಸಂಗಮ ಎಂಬಲ್ಲಿ ಪ್ರವಾಸಿಗರು ಅಂಬಿಗರ ನೆರವಿನಿಂದ ಹರಿಗೋಲಿನಲ್ಲಿ ನದಿಯನ್ನು ದಾಟಿ, ಅಲ್ಲಿಂದ ಮೇಕೆದಾಟು ಕಣಿವೆಯನ್ನು ನೋಡಲು ಹೋಗುವ ಪ್ರಯಾಣವಾಗಿದೆ. ಸಂಗಮದಲ್ಲಿ ಅರ್ಕಾವತಿ ನದಿಯು ಕಾವೇರಿಯನ್ನು ಸೇರುತ್ತದೆ. ಒಂದು ಕಾಲದಲ್ಲಿ ಊರಿನವರ ನಿತ್ಯದ ದಾಟುವಿಕೆಗೆ ಬಳಕೆಯಾಗುತ್ತಿದ್ದ ಹರಿಗೋಲು ಇಲ್ಲಿ ಪ್ರವಾಸದ ವಾಹನವಾಗಿದೆ. ಅದನ್ನು ನಡೆಸುವ ಅಂಬಿಗನೇ ಪ್ರವಾಸಿಗರಿಗೆ ಮಾರ್ಗದರ್ಶಿಯೂ ಆಗಿರುತ್ತಾನೆ.

ಸ್ಥಳ

ಸಂಗಮವು ಕನಕಪುರ ಪಟ್ಟಣದಿಂದ ದಕ್ಷಿಣಕ್ಕೆ ಸುಮಾರು 35 ಕಿ.ಮೀ. ಹಾಗೂ ಬೆಂಗಳೂರಿನಿಂದ ಸುಮಾರು 90 ಕಿ.ಮೀ. ದೂರದಲ್ಲಿದೆ. ದೊಡ್ಡಆಲಹಳ್ಳಿಯ ಮೂಲಕ ರಸ್ತೆ ಸಂಪರ್ಕವಿದೆ. ಹಿಂದೆ ಕಾನಕಾನಹಳ್ಳಿ ಎಂದು ಕರೆಯಲಾಗುತ್ತಿದ್ದ ಕನಕಪುರವು 2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟ ರಾಮನಗರ ಜಿಲ್ಲೆಗೆ ಸೇರಿತು. ಈ ಜಿಲ್ಲೆಗೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಡಲು ರಾಜ್ಯ ಸಚಿವ ಸಂಪುಟವು 2025ರ ಮೇ ತಿಂಗಳಿನಲ್ಲಿ ಒಪ್ಪಿಗೆ ನೀಡಿತು.

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯು ರಾಮನಗರ ಮತ್ತು ಕನಕಪುರಗಳನ್ನು ಹಾದು ಸಂಗಮಕ್ಕೆ ಬರುತ್ತದೆ. ನದಿಗಳು ಕೂಡುವ ಸ್ಥಳದಲ್ಲಿ ಸಂಗಮೇಶ್ವರ ದೇವಾಲಯವಿದೆ. ಸುತ್ತಲಿನ ಅರಣ್ಯವು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿ ಧಾಮದ ಭಾಗವಾಗಿದೆ. ಆನೆ, ನೀರುನಾಯಿ, ಮೊಸಳೆ, ಬೂದು ಬಣ್ಣದ ದೈತ್ಯ ಅಳಿಲು ಹಾಗೂ ಮಹಶೀರ್ ಮೀನು ಈ ಧಾಮದ ಪ್ರಮುಖ ಜೀವಿಗಳು.

ಮೇಕೆದಾಟು ಸಂಗಮದಿಂದ ಸುಮಾರು 4 ಕಿ.ಮೀ. ಕೆಳಗಿದೆ. ಸಂಗಮದವರೆಗೆ ಅಗಲವಾಗಿ ಹರಿಯುವ ಕಾವೇರಿಯು ಇಲ್ಲಿ ಗಟ್ಟಿಯಾದ ಬಂಡೆಗಳ ನಡುವಿನ ಇಕ್ಕಟ್ಟಾದ ಕಣಿವೆಯೊಳಗೆ ನುಗ್ಗುತ್ತದೆ. ಹುಲಿಯಿಂದ ತಪ್ಪಿಸಿಕೊಳ್ಳಲು ಮೇಕೆಯೊಂದು ಈ ಕಣಿವೆಯನ್ನು ಜಿಗಿದು ದಾಟಿತು ಎಂಬ ಐತಿಹ್ಯದಿಂದ ಈ ಹೆಸರು ಬಂದಿದೆ. ಆ ಮೇಕೆಯು ಶಿವನ ರೂಪವಾಗಿತ್ತೆಂಬ ನಂಬಿಕೆಯೂ ಸ್ಥಳೀಯರಲ್ಲಿದೆ. ನೀರಿನೊಂದಿಗೆ ಸುತ್ತುವ ಕಲ್ಲುಗಳು ದೀರ್ಘಕಾಲ ಉಜ್ಜಿದ್ದರಿಂದ ಬಂಡೆಗಳಲ್ಲಿ ಒರಳಿನಂಥ ಆಳವಾದ ಕುಳಿಗಳು ಉಂಟಾಗಿವೆ.

ಹರಿಗೋಲಿನ ರಚನೆ

ಹರಿಗೋಲು ಬುಟ್ಟಿಯಾಕಾರದ ದುಂಡನೆಯ ದೋಣಿ. ಇದನ್ನು ಬಿದಿರಿನ ದಬ್ಬೆಗಳಿಂದ ಹೆಣೆದು, ಹೊರಭಾಗಕ್ಕೆ ನೀರು ಒಸರದಂತೆ ಹೊದಿಕೆ ಹಾಕಲಾಗುತ್ತದೆ. ಹಿಂದೆ ಹೊದಿಕೆಗೆ ತೊಗಲನ್ನು ಬಳಸುತ್ತಿದ್ದರು. ಇತ್ತೀಚಿನ ದಶಕಗಳಲ್ಲಿ ಅದರ ಬದಲಿಗೆ ಪ್ಲಾಸ್ಟಿಕ್ ಹಾಳೆ ಹಾಗೂ ಡಾಂಬರು ಬಳಕೆಗೆ ಬಂದಿವೆ. ಫೈಬರ್‌ನಿಂದ ಅಚ್ಚು ಹಾಕಿದ ಹರಿಗೋಲುಗಳೂ ಉಂಟು. ಹಗುರವಾಗಿರುವುದರಿಂದ ಅಂಬಿಗರು ಇದನ್ನು ತಲೆಯ ಮೇಲೆ ಕವುಚಿಕೊಂಡು ದಡದುದ್ದಕ್ಕೂ ಹೊತ್ತೊಯ್ಯಬಲ್ಲರು.

ಹರಿಗೋಲಿನ ತಳ ಚಪ್ಪಟೆಯಾಗಿದ್ದು, ಅದು ನೀರಿನಲ್ಲಿ ಬಹಳ ಆಳಕ್ಕೆ ಇಳಿಯುವುದಿಲ್ಲ. ಆದ್ದರಿಂದ ಉದ್ದನೆಯ ದೋಣಿಗಳ ತಳ ಬಂಡೆಗೆ ತಾಗುವಂತಹ ತೆಳುನೀರಿನಲ್ಲಿಯೂ ಇದು ಸಾಗುತ್ತದೆ. ಆದರೆ ಇದಕ್ಕೆ ಮುಂಭಾಗ, ಹಿಂಭಾಗ ಎಂಬ ಭೇದವಾಗಲಿ ದಿಕ್ಕು ಹಿಡಿಯುವ ಅಡಿಮರವಾಗಲಿ ಇಲ್ಲದ ಕಾರಣ ಹುಟ್ಟಿನ ಒಂದೊಂದು ಎಳೆತಕ್ಕೂ ತಿರುಗುವ ಗುಣವಿದೆ. ಈ ತಿರುಗುವಿಕೆಯನ್ನು ತಡೆದು ನೇರವಾಗಿ ಸಾಗುವಂತೆ ಮಾಡುವುದೇ ಅಂಬಿಗನ ಮುಖ್ಯ ಕೌಶಲ. ಪ್ರವಾಸಿಗರ ವಿನೋದಕ್ಕಾಗಿ ಹರಿಗೋಲನ್ನು ಬೇಕೆಂದೇ ಗಿರಗಿರನೆ ತಿರುಗಿಸುವ ರೂಢಿಯೂ ಇದೆ.

ಇತಿಹಾಸ

ತುಂಗಭದ್ರಾ ಹಾಗೂ ಕಾವೇರಿ ನದಿಗಳಲ್ಲಿ ಹರಿಗೋಲಿನ ಬಳಕೆ ಪ್ರಾಚೀನವಾದುದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ಜನರು ಬುಟ್ಟಿಯಂಥ ದುಂಡು ದೋಣಿಗಳಲ್ಲಿ ನದಿ ದಾಟುತ್ತಿದ್ದುದನ್ನು ದಾಖಲಿಸಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮವಿದ್ದ ಆ ದೋಣಿಗಳು ಹದಿನೈದರಿಂದ ಇಪ್ಪತ್ತು ಜನರನ್ನು ಹೊರುತ್ತಿದ್ದವು ಮತ್ತು ಸದಾ ತಿರುಗುತ್ತಾ ಸಾಗುತ್ತಿದ್ದವು ಎಂದು ಅವನ ವಿವರಣೆಯಿಂದ ತಿಳಿಯುತ್ತದೆ.

ನದಿಗಳಿಗೆ ಸೇತುವೆಗಳು ನಿರ್ಮಾಣವಾದಂತೆ ದಾಟುವ ಸಾಧನವಾಗಿ ಹರಿಗೋಲಿನ ಅಗತ್ಯ ಕುಗ್ಗಿತು. ಪ್ರವಾಸಿಗರ ಬರುವಿಕೆಯು ಈ ವೃತ್ತಿಗೆ ಹೊಸ ಆಸರೆಯಾಯಿತು. ದೋಣಿ ನಡೆಸುವುದು ಮತ್ತು ಮೀನುಗಾರಿಕೆ ಬೆಸ್ತ, ಗಂಗಾಮತ, ಅಂಬಿಗ ಮೊದಲಾದ ಸಮುದಾಯಗಳ ಪಾರಂಪರಿಕ ವೃತ್ತಿಗಳಾಗಿವೆ. 12ನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರಿನಲ್ಲಿಯೂ ಈ ವೃತ್ತಿಯ ಗುರುತು ಉಳಿದಿದೆ.

ಪ್ರಯಾಣದ ಕ್ರಮ

ವಾಹನಗಳು ಸಂಗಮದವರೆಗೆ ಬರುತ್ತವೆ. ಅಲ್ಲಿಂದ ಮುಂದೆ ನದಿಯನ್ನು ದಾಟಬೇಕು. ಬೇಸಿಗೆಯಲ್ಲಿ ನೀರು ಮೊಣಕಾಲಿನ ಮಟ್ಟಕ್ಕೆ ಇಳಿದಾಗ ಅನೇಕರು ನಡೆದೇ ದಾಟುತ್ತಾರೆ. ಉಳಿದ ಕಾಲದಲ್ಲಿ ಹರಿಗೋಲು ಬೇಕಾಗುತ್ತದೆ. ಆಚೆಯ ದಡದಿಂದ ಮೇಕೆದಾಟಿನವರೆಗೆ ಕಾಡಿನ ನಡುವಿನ ಏರುತಗ್ಗಿನ ರಸ್ತೆಯಲ್ಲಿ ಬಸ್ಸುಗಳು ಪ್ರವಾಸಿಗರನ್ನು ಕರೆದೊಯ್ಯುತ್ತವೆ. ನಡೆದು ಹೋಗುವವರೂ ಇದ್ದಾರೆ. ಬಸ್ಸು ನಿಲ್ಲುವ ಸ್ಥಳದಿಂದ ಬಂಡೆಗಳ ಮೇಲೆ ಇಳಿದು ಕಣಿವೆಯನ್ನು ನೋಡಬೇಕಾಗುತ್ತದೆ.

ಹರಿಯುವ ನದಿಯನ್ನು ಹರಿಗೋಲಿನಲ್ಲಿ ನೇರವಾಗಿ ದಾಟಲಾಗದು. ಅಂಬಿಗನು ಇಳಿಯಬೇಕಾದ ಜಾಗಕ್ಕಿಂತ ಮೇಲ್ಭಾಗದಿಂದ ಹೊರಟು, ಸೆಳವು ಎಷ್ಟು ದೂರ ತಳ್ಳುತ್ತದೆ ಎಂಬುದನ್ನು ಅಂದಾಜು ಮಾಡಿ ಓರೆಯಾಗಿ ಸಾಗುತ್ತಾನೆ. ನೀರಿನ ಮೇಲ್ಮೈಯ ಅಲೆ, ನೊರೆ ಮತ್ತು ಬಣ್ಣಗಳಿಂದ ಅಡಿಯಲ್ಲಿರುವ ಬಂಡೆ, ಮಡು ಹಾಗೂ ಸುಳಿಗಳನ್ನು ಗುರುತಿಸುತ್ತಾನೆ. ತೂಕ ಒಂದೇ ಕಡೆಗೆ ವಾಲಿದರೆ ಹರಿಗೋಲಿನ ಅಂಚು ನೀರಿಗೆ ತಾಗುವುದರಿಂದ, ಪ್ರಯಾಣಿಕರು ಸುತ್ತಲೂ ಸಮನಾಗಿ ಕುಳಿತು, ನಡುವೆ ಎದ್ದು ನಿಲ್ಲದಿರುವುದು ಅಗತ್ಯ.

ಯುರೋಪ್ ಮತ್ತು ಅಮೆರಿಕದ ನಗರಗಳಲ್ಲಿ ಮಾರ್ಗದರ್ಶಿಯೊಂದಿಗೆ ಸೆಗ್‌ವೇ ಏರಿ ನಗರ ಸುತ್ತುವ ವಿಹಾರಗಳೊಡನೆ ಇದನ್ನು ಹೋಲಿಸಬಹುದು. ಡೀನ್ ಕಾಮೆನ್ 2001ರಲ್ಲಿ ಪರಿಚಯಿಸಿದ ಈ ದ್ವಿಚಕ್ರ ವಿದ್ಯುತ್ ವಾಹನವನ್ನು ಪ್ರವಾಸಿಗನೇ ಸ್ವಲ್ಪ ಹೊತ್ತಿನ ತರಬೇತಿಯ ನಂತರ ನಡೆಸುತ್ತಾನೆ. ಪಾದಚಾರಿಗಳಿಗೆ ತೊಂದರೆಯಾಗುತ್ತದೆ ಎಂಬ ಕಾರಣದಿಂದ ಪ್ರಾಗ್ ನಗರವು 2016ರಲ್ಲಿ ತನ್ನ ಕೇಂದ್ರಭಾಗದಲ್ಲಿ ಅದನ್ನು ನಿಷೇಧಿಸಿತು. 2020ರಲ್ಲಿ ಮೂಲ ಮಾದರಿಯ ತಯಾರಿಕೆಯೇ ನಿಂತಿತು. ಹರಿಗೋಲಿನಲ್ಲಿ ಪ್ರವಾಸಿಗನ ಕೈಯಲ್ಲಿ ಹುಟ್ಟು ಇರುವುದಿಲ್ಲ. ಅವನ ಸುರಕ್ಷತೆಯು ಬಹುಮಟ್ಟಿಗೆ ಅಂಬಿಗನ ತೀರ್ಮಾನವನ್ನೇ ಅವಲಂಬಿಸಿರುತ್ತದೆ.

ಅಪಾಯ ಮತ್ತು ಸುರಕ್ಷತೆ

ಸಂಗಮ ಮತ್ತು ಮೇಕೆದಾಟಿನಲ್ಲಿ ಅನೇಕ ಪ್ರವಾಸಿಗರು ಮುಳುಗಿ ಮೃತಪಟ್ಟಿದ್ದಾರೆ. ಮೇಲ್ನೋಟಕ್ಕೆ ಶಾಂತವಾಗಿ ಕಾಣುವ ನೀರಿನ ಅಡಿಯಲ್ಲಿ ಮಡುಗಳು ಮತ್ತು ಸುಳಿಗಳಿರುವುದು, ಪಾಚಿ ಹಿಡಿದ ಬಂಡೆಗಳು ಜಾರುವುದು ಹಾಗೂ ಈಜು ಬಾರದವರು ನೀರಿಗಿಳಿಯುವುದು ಇದಕ್ಕೆ ಮುಖ್ಯ ಕಾರಣಗಳು. ಮೇಕೆದಾಟಿನ ಕಣಿವೆಯಲ್ಲಿ ಬಿದ್ದವರು ಸೆಳವಿನಿಂದ ಹೊರಬರುವುದು ಬಹಳ ಕಷ್ಟ. ಅಲ್ಲಿ ನೀರಿಗಿಳಿಯಬಾರದೆಂದು ಎಚ್ಚರಿಕೆಯ ಫಲಕಗಳನ್ನು ಹಾಕಲಾಗಿದೆ.

ಸಂಗಮದಲ್ಲಿ ಮಳೆಯಿಲ್ಲದ ದಿನವೂ ನದಿ ಏರಬಹುದು. ಮೇಲ್ಭಾಗದ ಕೃಷ್ಣರಾಜಸಾಗರ ಮತ್ತು ಕಬಿನಿ ಜಲಾಶಯಗಳಿಂದ ಬಿಟ್ಟ ನೀರು ಇಲ್ಲಿಯ ಮಟ್ಟವನ್ನು ಬದಲಿಸುವುದೇ ಇದಕ್ಕೆ ಕಾರಣ. ಮಳೆಗಾಲದಲ್ಲಿ ಹೊರಹರಿವು ಹೆಚ್ಚಾದಾಗ ನದಿ ದಾಟುವುದನ್ನು ನಿಲ್ಲಿಸಲಾಗುತ್ತದೆ. ಕಾವೇರಿಯ ಕೆಳಭಾಗದ ಹೊಗೇನಕಲ್‌ನಲ್ಲಿಯೂ ಪ್ರವಾಹದ ಸಮಯದಲ್ಲಿ ಹರಿಗೋಲು ಸಂಚಾರವನ್ನು ನಿಷೇಧಿಸುವ ಕ್ರಮವಿದೆ. ಲೈಫ್ ಜಾಕೆಟ್ ಧರಿಸುವುದು ಮತ್ತು ಮಿತಿಗಿಂತ ಹೆಚ್ಚು ಜನರನ್ನು ಹತ್ತಿಸದಿರುವುದು ಹರಿಗೋಲು ಪ್ರಯಾಣದ ಮೂಲಭೂತ ಸುರಕ್ಷತಾ ಕ್ರಮಗಳಾಗಿವೆ.

ಪರಿಸರ ಮತ್ತು ಭವಿಷ್ಯ

ಬೆಂಗಳೂರಿನ ಕೊಳಚೆ ನೀರನ್ನು ಹೊತ್ತು ತರುವ ವೃಷಭಾವತಿಯು ಅರ್ಕಾವತಿಯನ್ನು ಸೇರುವುದರಿಂದ, ಆ ಮಾಲಿನ್ಯದ ಪರಿಣಾಮ ಸಂಗಮದ ಕಡೆಗೂ ಹರಿದುಬರುತ್ತದೆ. ಪ್ರವಾಸಿಗರು ಬಿಟ್ಟುಹೋಗುವ ಪ್ಲಾಸ್ಟಿಕ್ ಮತ್ತು ಒಡೆದ ಬಾಟಲಿಗಳು ವನ್ಯಜೀವಿಗಳಿಗೂ ಬರಿಗಾಲಿನಲ್ಲಿ ನದಿಗಿಳಿಯುವವರಿಗೂ ಅಪಾಯಕಾರಿಯಾಗಿವೆ.

ಕರ್ನಾಟಕ ಸರ್ಕಾರವು ಪ್ರಸ್ತಾಪಿಸಿರುವ ಮೇಕೆದಾಟು ಸಮತೋಲನ ಜಲಾಶಯವು ಈ ವಿಹಾರದ ಭವಿಷ್ಯದೊಂದಿಗೆ ನೇರವಾಗಿ ಸಂಬಂಧಿಸಿದೆ. ಬೆಂಗಳೂರಿಗೆ ಕುಡಿಯುವ ನೀರು ಒದಗಿಸುವುದು ಹಾಗೂ 400 ಮೆಗಾವಾಟ್ ವಿದ್ಯುತ್ ಉತ್ಪಾದಿಸುವುದು ಯೋಜನೆಯ ಉದ್ದೇಶಗಳು. ಜಲಾಶಯದ ಉದ್ದೇಶಿತ ಸಾಮರ್ಥ್ಯ 67.16 ಟಿಎಂಸಿ ಅಡಿ. ವಿವರವಾದ ಯೋಜನಾ ವರದಿಯನ್ನು 2019ರ ಜನವರಿಯಲ್ಲಿ ಕೇಂದ್ರ ಜಲ ಆಯೋಗಕ್ಕೆ ಸಲ್ಲಿಸಲಾಯಿತು. ಕೆಳಭಾಗದ ನೀರಿನ ಹರಿವಿನ ಮೇಲೆ ಪರಿಣಾಮವಾಗುತ್ತದೆ ಎಂದು ತಮಿಳುನಾಡು ಇದನ್ನು ವಿರೋಧಿಸುತ್ತಿದೆ. ಯೋಜನೆಯ ಜಾರಿಗೆ ಒತ್ತಾಯಿಸಿ ಕಾಂಗ್ರೆಸ್ ಪಕ್ಷವು 2022ರ ಜನವರಿ 9ರಂದು ಸಂಗಮದಿಂದಲೇ ಪಾದಯಾತ್ರೆ ಆರಂಭಿಸಿತು.

ಯೋಜನೆಯಿಂದ ಸುಮಾರು 5,000 ಹೆಕ್ಟೇರ್ ಪ್ರದೇಶ ಮುಳುಗಡೆಯಾಗುವ ಅಂದಾಜಿದ್ದು, ಅದರ ಹೆಚ್ಚಿನ ಭಾಗ ವನ್ಯಜೀವಿ ಧಾಮ ಹಾಗೂ ಮೀಸಲು ಅರಣ್ಯಕ್ಕೆ ಸೇರಿದೆ. ಸಂಗಮವೂ ಮುಳುಗಡೆಯ ವ್ಯಾಪ್ತಿಯಲ್ಲಿ ಬರುತ್ತದೆ. ನೀರಿನ ಕೊರತೆಯ ನಗರಕ್ಕೆ ಇದು ಅನಿವಾರ್ಯವೆಂಬುದು ಯೋಜನೆಯ ಪರವಾಗಿರುವವರ ವಾದ. ಆನೆಗಳ ಸಂಚಾರ ಪಥ ಮತ್ತು ನದೀತೀರದ ಕಾಡು ನಾಶವಾಗುತ್ತವೆ ಎಂಬುದು ಪರಿಸರವಾದಿಗಳ ಆಕ್ಷೇಪ. ಹರಿಗೋಲು ದಾಟುವ ತೆಳುನೀರು ಮತ್ತು ಬಂಡೆಗಳ ಹಾದಿ ಹಿನ್ನೀರಿನಲ್ಲಿ ಮುಳುಗಿದರೆ, ಇಂದಿನ ರೂಪದ ವಿಹಾರವೂ ಅದನ್ನು ನಂಬಿದ ಅಂಬಿಗರ ದುಡಿಮೆಯೂ ಉಳಿಯಲಾರವು.

ಇತರ ಸ್ಥಳಗಳು

ಕರ್ನಾಟಕದಲ್ಲಿ ಹಂಪಿ, ಸಣಾಪುರ ಕೆರೆ ಹಾಗೂ ತಲಕಾಡುಗಳಲ್ಲಿಯೂ ಹರಿಗೋಲು ವಿಹಾರವಿದೆ. ಕರ್ನಾಟಕ–ತಮಿಳುನಾಡು ಗಡಿಯ ಹೊಗೇನಕಲ್‌ನಲ್ಲಿ ಜಲಪಾತದ ಸಮೀಪಕ್ಕೆ ಹರಿಗೋಲಿನಲ್ಲಿ ಹೋಗುವುದು ಪ್ರಸಿದ್ಧವಾಗಿದ್ದು, ತಮಿಳಿನಲ್ಲಿ ಇದನ್ನು ಪರಿಸಲ್ ಎನ್ನುತ್ತಾರೆ. ಸಂಗಮಕ್ಕೆ ಬರುವವರು ಅರ್ಕಾವತಿಯ ಚುಂಚಿ ಜಲಪಾತ ಮತ್ತು ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಗಳಿಗೂ ಭೇಟಿ ನೀಡುತ್ತಾರೆ.