ಕಪಿಲೆಯ ಜಲಶುದ್ಧಿಯ ಚರಿತ್ರೆ: ಸುಲ್ತಾನ್ ಬತ್ತೇರಿಯಿಂದ ನಂಜನಗೂಡಿನವರೆಗೆ

ಕಾವೇರಿಯ ನೀರಿನ ಪ್ರಮಾಣವನ್ನು ಕುರಿತು ನಮ್ಮಲ್ಲಿ ನಡೆದಿರುವಷ್ಟು ವಾದವಿವಾದ ಆ ನೀರಿನ ಗುಣವನ್ನು ಕುರಿತು ನಡೆದಿಲ್ಲ. ಕೇರಳದ ಸುಲ್ತಾನ್ ಬತ್ತೇರಿ ಸೀಮೆಯಲ್ಲಿ ಹುಟ್ಟಿ ಮುತ್ತಂಗದ ಕಾಡಿನೊಳಗೆ ಹರಿಯುವ ನೂಲ್ಪುಳ, ಕನ್ನಡನಾಡನ್ನು ಹೊಕ್ಕೊಡನೆ ನುಗುವೆನಿಸಿ, ಕಬಿನಿ ಎಂದೂ ಕರೆಯಲ್ಪಡುವ ಕಪಿಲೆಯನ್ನು ಕೂಡುತ್ತದೆ. ಕಪಿಲೆಯೋ ನಂಜನಗೂಡನ್ನು ಹಾದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಆದುದರಿಂದ ಬತ್ತೇರಿಯ ಗದ್ದೆ, ತೋಟ, ಚರಂಡಿಗಳ ವಿಚಾರವು ಮೈಸೂರು ಸೀಮೆಯ ನದೀತೀರದ ಜನರ ವಿಚಾರವೂ ಹೌದು.

ನೀರನ್ನು ಅದರ ಹುಟ್ಟಿನಲ್ಲಿಯೇ ಕಾಪಾಡಬೇಕೆಂಬ ತಿಳಿವು ಈ ನಾಡಿಗೆ ಹೊಸತಲ್ಲ. ಪುಲ್ಪಳ್ಳಿಯ ಬಳಿಯ ಪಾಕ್ಕದಲ್ಲಿ ಮುಳ್ಳುಕುರುಮ ಬುಡಕಟ್ಟಿನವರು ಉಳಿಸಿಕೊಂಡು ಬಂದಿರುವ ‘ಕೇಣಿ’ ಎಂಬ ಊಟೆಬಾವಿಯೇ ಇದಕ್ಕೆ ಸಾಕ್ಷ್ಯ. ಬೈನೆಯ ದಪ್ಪ ಕಾಂಡವನ್ನು ಬಹುಕಾಲ ನೀರಿನಲ್ಲಿ ನೆನೆಯಿಟ್ಟು, ಒಳತಿರುಳು ಕೊಳೆತು ಹೊರಗಿನ ಗಡುಸಾದ ಕವಚವಷ್ಟೇ ಉಳಿದ ಮೇಲೆ, ಅದನ್ನು ಒರತೆಯ ನೆತ್ತಿಯಲ್ಲಿ ನೆಟ್ಟಗೆ ಇಳಿಸುತ್ತಾರೆ. ಸುತ್ತಣ ಕೆಸರಿಗೆ ಒಳದಾರಿಯಿಲ್ಲದೆ, ತಳದಿಂದೇಳುವ ತಿಳಿನೀರು ಮಾತ್ರ ಕಂಠದವರೆಗೂ ತುಂಬಿ ನಿಲ್ಲುತ್ತದೆ. ಪಾದರಕ್ಷೆಯನ್ನು ಕಳಚಿಯೇ ಅದನ್ನು ಸಮೀಪಿಸಬೇಕೆಂಬ ಕಟ್ಟಳೆಯಲ್ಲಿ ಭಕ್ತಿಯೊಡನೆ ಶುಚಿತ್ವದ ವಿವೇಕವೂ ಅಡಗಿದೆ.

ಬೆಟ್ಟಗಳ ನಡುವಣ ಭತ್ತದ ಬಯಲುಗಳೂ ಮಳೆನೀರನ್ನು ತಡೆದು, ಹೂಳನ್ನು ತಳಕ್ಕಿಳಿಸಿ, ತಿಳಿಯಾದುದನ್ನು ಹಳ್ಳಕ್ಕೆ ಬಿಡುತ್ತಿದ್ದವು. ಅವುಗಳಲ್ಲಿ ಬಹುಪಾಲು ಬಾಳೆ, ಶುಂಠಿಗಳಿಗೆ ತಿರುಗಿದಂದಿನಿಂದ ಈ ಸಹಜ ಶೋಧನೆ ಕುಗ್ಗಿ, ಗೊಬ್ಬರ ಕೀಟನಾಶಕಗಳ ಶೇಷವು ತೊರೆಗಳಿಗೆ ಇಳಿಯಲು ದಾರಿಯಾಯಿತು. ಭತ್ತದ ಗದ್ದೆಗಳನ್ನೂ ಜೌಗುನೆಲಗಳನ್ನೂ ರಕ್ಷಿಸುವ ಕಾಯಿದೆಯನ್ನು ಕೇರಳವು 2008ರಲ್ಲಿ ರಚಿಸಿತು.

ಜಲಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಕಾಯಿದೆ ಇದಕ್ಕೂ ಹಿಂದೆ, 1974ರಲ್ಲಿ, ಬಂದಿತು. ಅದಕ್ಕೆ ಮೊದಲೇ ಸಮ್ಮತಿಸಿದ್ದ ರಾಜ್ಯಗಳ ಸಾಲಿನಲ್ಲಿ ಕರ್ನಾಟಕ ಕೇರಳಗಳೆರಡೂ ಇದ್ದು, ಎರಡೆಡೆಗಳಲ್ಲಿಯೂ ಅದೇ ವರ್ಷ ಮಾಲಿನ್ಯ ನಿಯಂತ್ರಣದ ಮಂಡಲಿಗಳು ಸ್ಥಾಪಿತವಾದವು. ಆದರೆ ಕಾಯಿದೆಯ ದೃಷ್ಟಿ ಮುಖ್ಯವಾಗಿ ಕಾರ್ಖಾನೆಯ ಹಾಗೂ ಪಟ್ಟಣದ ಕೊಳಚೆ ಹೊರಬೀಳುವ ಬಾಯಿಯ ಮೇಲಿತ್ತು. ಗದ್ದೆಯಿಂದ ಜಿನುಗುವ ವಿಷವನ್ನು ಹಿಡಿಯುವ ಕಣ್ಣು ಅದಕ್ಕಿರಲಿಲ್ಲ. ರಾಷ್ಟ್ರೀಯ ನದಿ ಸಂರಕ್ಷಣಾ ಯೋಜನೆಗೆ ನಂಜನಗೂಡು ಸೇರಿತಾದರೂ, ಆ ಪಟ್ಟಣದಿಂದ ಹೆಜ್ಜಿಗೆಯವರೆಗಿನ ಕಪಿಲೆಯನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯು ಮಲಿನವಾದ ಹರಿವೆಂದು ಗುರುತಿಸಿತು. ದೇಶದ ಇಂತಹ 351 ಹರಿವುಗಳನ್ನು ಸ್ನಾನಯೋಗ್ಯವಾಗಿಸಲು ರಾಜ್ಯಗಳು ಕಾರ್ಯಯೋಜನೆ ಸಿದ್ಧಪಡಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯು 2018ರಲ್ಲಿ ವಿಧಿಸಿತು. ಸ್ನಾನಯೋಗ್ಯವೆನಿಸಲು ನೀರಿನ ಜೈವಿಕ ಆಮ್ಲಜನಕ ಬೇಡಿಕೆಯು ಲೀಟರಿಗೆ 3 ಮಿಲಿಗ್ರಾಂ ಮೀರದೆ, ಕರಗಿದ ಆಮ್ಲಜನಕವು 5 ಮಿಲಿಗ್ರಾಂಗಿಂತ ಕಡಮೆಯಾಗದೆ ಇರಬೇಕು. ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಯಲ್ಲಿ ಮೀಯುವ ಯಾತ್ರಿಕನಿಗೆ ಈ ಅಂಕೆಗಳು ಆರೋಗ್ಯದ ಮಾತೇ ಆಗಿವೆ.

ಕಾವೇರಿ ನ್ಯಾಯಮಂಡಲಿಯ 2007ರ ತೀರ್ಪು ಕಬಿನಿ ಕೊಳ್ಳದಿಂದ ಕೇರಳಕ್ಕೆ 21 ಟಿಎಂಸಿ ನೀರನ್ನು ಹಂಚಿತು. ಹಂಚಿಕೆಗೆ ಅಷ್ಟು ಖಚಿತವಾದ ಲೆಕ್ಕವಿಟ್ಟ ನಾವು ಶುದ್ಧಿಗೂ ಲೆಕ್ಕವಿಡಬೇಕಾದುದು ನ್ಯಾಯ. ನೂಲ್ಪುಳದ ಒರತೆಯಿಂದ ನರಸೀಪುರದ ಸಂಗಮದವರೆಗೆ ಎರಡು ರಾಜ್ಯಗಳೂ ಒಂದೇ ಕ್ರಮದಲ್ಲಿ ನೀರನ್ನು ಪರೀಕ್ಷಿಸಿ, ಫಲಿತಾಂಶವನ್ನು ಪರಸ್ಪರ ಒಪ್ಪಿಸುವಂತಾದರೆ, ದೋಷ ಯಾವ ಊರಿನಲ್ಲಿ, ಯಾವ ಋತುವಿನಲ್ಲಿ ಹುಟ್ಟಿತೆಂಬುದು ತಿಳಿದು ಪರಿಹಾರವೂ ಅಲ್ಲಿಯೇ ಆರಂಭವಾಗುವುದು.