ಹಿರಿಯರಿಗೊಂದು ಕೋಣೆ: ಕಟ್ಟುವ ಮುನ್ನ ತಿಳಿದಿರಬೇಕಾದದ್ದು

ಊರಿನ ಮನೆಗೆ ಬೀಗ ಹಾಕಿ, ಇಳಿವಯಸ್ಸಿನಲ್ಲಿ ನಗರದ ಮಕ್ಕಳ ಮನೆ ಸೇರುವುದು ಇಂದು ಅನೇಕ ತಂದೆ-ತಾಯಿಯರಿಗೆ ಅನಿವಾರ್ಯವಾಗಿದೆ. ಮೊದಲೆಲ್ಲ ಮಗನ ಮನೆಗೆ ಎಂಬುದು ರೂಢಿಯಾಗಿತ್ತು. ಹೆಣ್ಣುಮಕ್ಕಳಷ್ಟೇ ಇರುವ ಕುಟುಂಬಗಳು ಹೆಚ್ಚಿರುವುದರಿಂದ ಈಗ ಮಗಳು-ಅಳಿಯನ ಮನೆಗೂ ಹಿರಿಯರು ಬರುತ್ತಾರೆ. ಸೊಸೆಗಾಗಲಿ, ಅಳಿಯನಿಗಾಗಲಿ ಬಂದವರು ಅತ್ತೆ-ಮಾವನೇ. ಅವರಿಗೊಂದು ಕೋಣೆ ಬೇಕು ಎಂಬ ಮಾತು ಬಂದಾಗ ಮೇಸ್ತ್ರಿಯನ್ನು ಕರೆದು ಪೋರ್ಟಿಕೊಗೆ ಎರಡು ಗೋಡೆ ಎಬ್ಬಿಸಿ ಮುಗಿಸುವುದು ಸುಲಭದ ದಾರಿಯೆಂದು ತೋರುತ್ತದೆ. ಆದರೆ ಹಾಗೆ ಕಟ್ಟಿದ ಕೋಣೆ ಮೂರ್ನಾಲ್ಕು ವರ್ಷಗಳಲ್ಲೇ ಬಳಕೆಗೆ ಬಾರದಂತಾಗಬಹುದು. ಕೋಣೆ ಚಿಕ್ಕದಾದರೆ ಹೇಗೋ ಹೊಂದಿಕೊಳ್ಳಬಹುದು. ಬಾಗಿಲು, ಬಚ್ಚಲು ಮತ್ತು ಕಾಗದಪತ್ರ ಸರಿಯಿಲ್ಲದಿದ್ದರೆ ಹೊಂದಿಕೊಳ್ಳುವುದು ಕಷ್ಟ.

ಮೊದಲು ಅವರನ್ನೇ ಕೇಳಿ

ಯೋಜನೆಯ ಮೊದಲ ಹೆಜ್ಜೆ ನಕ್ಷೆಯಲ್ಲ, ಮಾತುಕತೆ. ಹಿರಿಯರು ಕಾಯಂ ಆಗಿ ಬರುವರೋ, ಮಳೆಗಾಲದ ನಾಲ್ಕು ತಿಂಗಳು ಮಾತ್ರವೋ, ಇಬ್ಬರು ಮಕ್ಕಳ ಮನೆಗಳಲ್ಲಿ ಸರದಿಯಂತೆ ಇರುವರೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ದೇವರ ಮೂಲೆ ಪ್ರತ್ಯೇಕವಾಗಿ ಬೇಕೆ? ಬೆಳಗಿನ ಜಾವ ಎದ್ದು ತಾವೇ ಕಾಫಿ ಮಾಡಿಕೊಳ್ಳುವ ಅಭ್ಯಾಸವಿದೆಯೆ? ಇಬ್ಬರೂ ಒಂದೇ ಮಂಚದಲ್ಲಿ ಮಲಗುವರೆ, ಎರಡು ಮಂಚ ಬೇಕೆ? ನೋಡಲು ಬರುವ ನೆಂಟರು ಎಲ್ಲಿ ಕೂರಬೇಕು?

ಹಳೆಯ ಮನೆಗಳಲ್ಲಿ ಹಿರಿಯರ ಮಂಚ ಪಡಸಾಲೆಯಲ್ಲೋ, ಜಗುಲಿಗೆ ಹೊಂದಿಕೊಂಡೋ ಇರುತ್ತಿತ್ತು. ಬಂದುಹೋಗುವವರೆಲ್ಲ ಅವರ ಕಣ್ಣಿಗೆ ಬೀಳುತ್ತಿದ್ದರು. ನಗರದ ಮನೆಯ ಹಿಂಬದಿಯಲ್ಲಿ, ಪಕ್ಕದ ಮನೆಯ ಗೋಡೆಗೆ ಮುಖಮಾಡಿದ ಕಿಟಕಿಯುಳ್ಳ ಕೋಣೆ ಎಷ್ಟೇ ಅನುಕೂಲಕರವಾಗಿದ್ದರೂ ಒಂಟಿತನಕ್ಕೆ ದಾರಿಯಾಗುತ್ತದೆ. ಬೀದಿಯೋ ಅಂಗಳವೋ ಕಾಣುವ ಒಂದು ಕಿಟಕಿ, ನಾಲ್ಕು ಅಡಿ ಅಗಲದ ಒಂದು ಚಿಕ್ಕ ಜಗುಲಿ ಇದ್ದರೆ ಉಳಿದ ಕೊರತೆಗಳನ್ನು ಸಹಿಸಬಹುದು.

ಜಾಗ ಎಷ್ಟು ಬೇಕು?

ರಾಷ್ಟ್ರೀಯ ಕಟ್ಟಡ ಸಂಹಿತೆ-2016ರ ಪ್ರಕಾರ ವಾಸದ ಕೋಣೆಯ ಕನಿಷ್ಠ ವಿಸ್ತೀರ್ಣ 9.5 ಚದರ ಮೀಟರ್, ಅಂದರೆ ಸುಮಾರು 102 ಚದರ ಅಡಿ. ಇದು ಕಾನೂನಿನ ಕನಿಷ್ಠ ಮಿತಿಯೇ ಹೊರತು ಅನುಕೂಲದ ಅಳತೆಯಲ್ಲ. ಎರಡು ಮಂಚ, ಒಂದು ಬೀರು, ಮಂಚಗಳ ನಡುವೆ ಮೂರು ಅಡಿ ಓಡಾಟದ ಜಾಗ ಸಿಗಬೇಕಾದರೆ 11 ಅಡಿಗೆ 12 ಅಡಿ ಬೇಕು. ಇದಕ್ಕೆ 5 ಅಡಿಗೆ 8 ಅಡಿಯ ಬಚ್ಚಲು ಮತ್ತು 4 ಅಡಿಗೆ 8 ಅಡಿಯ ಜಗುಲಿ ಸೇರಿಸಿದರೆ 204 ಚದರ ಅಡಿ ಆಗುತ್ತದೆ. ಗೋಡೆಗಳ ದಪ್ಪವನ್ನೂ ಲೆಕ್ಕಕ್ಕೆ ಹಿಡಿದರೆ, ಮೇಸ್ತ್ರಿಗಳ ಭಾಷೆಯಲ್ಲಿ ಇದು ಸುಮಾರು ಎರಡೂವರೆ ಚದರ.

30x40 ಅಡಿಯ ನಿವೇಶನವೆಂದರೆ ಒಟ್ಟು 12 ಚದರ. ಅದರಲ್ಲಿ ಮನೆ, ವಾಹನ ನಿಲುಗಡೆ, ಸಂಪು ಮತ್ತು ಬಿಡಲೇಬೇಕಾದ ಸುತ್ತಲ ತೆರವು ಜಾಗ ಹೋದರೆ ನೆಲಮಟ್ಟದಲ್ಲಿ ಎರಡೂವರೆ ಚದರ ಉಳಿಯುವುದು ಅಪರೂಪ. ಹೀಗಾಗಿ ಹಲವರು ಮಹಡಿಯ ಮೇಲೆ ಹೊಸ ಕೋಣೆ ಕಟ್ಟಿ ಹಿರಿಯರನ್ನು ಅಲ್ಲಿಗೆ ಕಳಿಸುತ್ತಾರೆ. ಇದು ತಪ್ಪು ನಿರ್ಧಾರ. ಮಂಡಿನೋವು ಆರಂಭವಾದ ದಿನ ಮಹಡಿಯ ಕೋಣೆ ಸೆರೆಮನೆಯಾಗುತ್ತದೆ.

ಇದಕ್ಕೆ ಸರಳ ಪರಿಹಾರವೊಂದಿದೆ. ಹೊಸ ಕೋಣೆಯನ್ನು ಮೇಲೆಯೇ ಕಟ್ಟಿ, ಅಲ್ಲಿಗೆ ದಂಪತಿಯೋ ಮಕ್ಕಳೋ ಹೋಗಬೇಕು. ನೆಲಮಹಡಿಯಲ್ಲಿ ಈಗಿರುವ ಮಲಗುವ ಕೋಣೆಯನ್ನು ಹಿರಿಯರಿಗೆ ಬಿಟ್ಟುಕೊಟ್ಟು, ಅದರ ಬಚ್ಚಲನ್ನು ಹೊಸದಾಗಿ ರೂಪಿಸಬೇಕು. ಹಿರಿಯರ ಕೋಣೆ ‘ಕಟ್ಟುವುದು’ ಎಂದರೆ ಬಹಳಷ್ಟು ಮನೆಗಳಲ್ಲಿ ಕಿರಿಯರು ಜಾಗ ಬದಲಿಸುವುದೇ ಆಗಿದೆ.

ಹಳೆಯ ಗೋಡೆ, ಹೊಸ ಭಾರ

ಮೇಲೆ ಕಟ್ಟುವ ಮುನ್ನ ಕೆಳಗಿನ ಕಟ್ಟಡಕ್ಕೆ ಆ ಭಾರ ಹೊರುವ ಶಕ್ತಿಯಿದೆಯೇ ಎಂಬುದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಮೂಲಕ ಪರೀಕ್ಷಿಸಬೇಕು. ಕಂಬ-ತೊಲೆಗಳ ಆಧಾರವಿಲ್ಲದ ಹಳೆಯ ಮನೆಗಳಲ್ಲಿ ಸೈಜುಗಲ್ಲಿನ ಪಾಯದ ಮೇಲೆ ಎದ್ದ 9 ಇಂಚಿನ ಇಟ್ಟಿಗೆ ಗೋಡೆಗಳೇ ಭಾರ ಹೊರುತ್ತವೆ. ಇಂಥಲ್ಲಿ ಮೇಲಿನ ಗೋಡೆ ಕೆಳಗಿನ ಭಾರ ಹೊರುವ ಗೋಡೆಯ ನೇರಕ್ಕೇ ಬರಬೇಕು. ಕೋಣೆಗಳನ್ನು ವಿಂಗಡಿಸಲು ಹಾಕಿದ ನಾಲ್ಕೂವರೆ ಇಂಚಿನ ಗೋಡೆಯನ್ನು ನಂಬಿ ಮೇಲೆ ಕಟ್ಟಬಾರದು. ಪೋರ್ಟಿಕೊ ಕಂಬಗಳ ಪಾಯ ಒಂದು ಛಾವಣಿಗಷ್ಟೇ ಲೆಕ್ಕ ಹಾಕಿದ್ದಾಗಿರಬಹುದು.

ಪಕ್ಕದಲ್ಲಿ ಕಟ್ಟುವುದಾದರೆ ಹಳೆಯ ಕಟ್ಟಡ ಈಗಾಗಲೇ ಮಣ್ಣಿನಲ್ಲಿ ಕೂತಿರುತ್ತದೆ, ಹೊಸದು ಇನ್ನು ಕೂರಬೇಕಿರುತ್ತದೆ. ಎರಡನ್ನೂ ಬಿಗಿಯಾಗಿ ಜೋಡಿಸಿದರೆ ಸೇರುವ ಜಾಗದಲ್ಲಿ ಬಿರುಕು ಬಿಡುತ್ತದೆ. ಹುಬ್ಬಳ್ಳಿ-ಧಾರವಾಡ, ವಿಜಯಪುರ, ಕಲಬುರಗಿ ಭಾಗದ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಈ ತೊಂದರೆ ಅಲ್ಲಿ ಇನ್ನೂ ಹೆಚ್ಚು. ಎರಡರ ನಡುವೆ ಸಂಧಿ ಬಿಟ್ಟು, ಮಳೆನೀರು ಇಳಿಯದಂತೆ ಅದನ್ನು ಮುಚ್ಚುವುದು ಕ್ರಮ. ಕರಾವಳಿ ಮತ್ತು ಮಲೆನಾಡಿನಲ್ಲಿ ಛಾವಣಿ ಬಿಚ್ಚುವ ಕೆಲಸವನ್ನು ಜೂನ್‌ಗೆ ಮೊದಲೇ ಮುಗಿಸಬೇಕು.

ಹೊಸ ಗೋಡೆಯಿಂದ ಹಳೆಯ ಕೋಣೆಯ ಕಿಟಕಿ ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು. ಸಂಪು ಮತ್ತು ಒಳಚರಂಡಿಯ ಛೇಂಬರ್ ಹೊಸ ಕೋಣೆಯ ನೆಲದಡಿ ಸಿಕ್ಕಿಕೊಳ್ಳಬಾರದು. ಚರಂಡಿ ಕಟ್ಟಿಕೊಂಡ ದಿನ ಹಾಸುಗೆಯ ಪಕ್ಕದ ನೆಲ ಒಡೆಯಬೇಕಾದ ಸ್ಥಿತಿ ಯಾರಿಗೂ ಬೇಡ.

ಬಚ್ಚಲಿಗೇ ಹೆಚ್ಚು ಗಮನ

ಇಡೀ ಯೋಜನೆಯಲ್ಲಿ ಹೆಚ್ಚಿನ ಹಣ ಮತ್ತು ಗಮನ ಬೇಡುವುದು ಬಚ್ಚಲು. ಸ್ನಾನ-ಶೌಚ ಒಟ್ಟಿಗಿರುವ ಬಚ್ಚಲಿಗೆ ಸಂಹಿತೆ ಹೇಳುವ ಕನಿಷ್ಠ ವಿಸ್ತೀರ್ಣ 2.8 ಚದರ ಮೀಟರ್, ಅಂದರೆ ಸುಮಾರು 30 ಚದರ ಅಡಿ. ಒಬ್ಬರು ಇನ್ನೊಬ್ಬರನ್ನು ಹಿಡಿದು ಸ್ನಾನ ಮಾಡಿಸಬೇಕಾದ ದಿನ ಇದು ಸಾಲದು. ಗಾಲಿಕುರ್ಚಿ ತಿರುಗಲು 5 ಅಡಿ ವ್ಯಾಸದ ಖಾಲಿ ಜಾಗ ಬೇಕು. ಇನ್ನು ಕೆಲವು ಅಂಶಗಳು ಹೀಗಿವೆ:

* ಬಾಗಿಲಿನ ತೆರವು 3 ಅಡಿ ಇರಲಿ. ವಾಡಿಕೆಯ ಎರಡೂವರೆ ಅಡಿ ಬಾಗಿಲಿನಲ್ಲಿ ಗಾಲಿಕುರ್ಚಿ ದಾಟುವುದು ಕಷ್ಟ.

* ಬಾಗಿಲು ಹೊರಕ್ಕೆ ತೆರೆಯಲಿ ಅಥವಾ ಪಕ್ಕಕ್ಕೆ ಸರಿಯಲಿ. ಒಳಗೆ ಬಿದ್ದವರ ದೇಹವೇ ಒಳಕ್ಕೆ ತೆರೆಯುವ ಬಾಗಿಲಿಗೆ ಅಡ್ಡವಾಗುತ್ತದೆ. ಹೊರಗಿನಿಂದಲೂ ತೆಗೆಯಬಹುದಾದ ಚಿಲಕ ಹಾಕಿಸಿ.

* ಕಮೋಡಿನ ಎತ್ತರ 18ರಿಂದ 19 ಇಂಚು ಇದ್ದರೆ ಏಳುವುದು ಸುಲಭ.

* ಹಿಡಿಕಂಬಿಗಳು ಒಂದೂವರೆ ಇಂಚಿನಷ್ಟು ದಪ್ಪವಿದ್ದು ಗಟ್ಟಿ ಗೋಡೆಗೆ ಆಳವಾಗಿ ಕೂತಿರಬೇಕು. ಟವೆಲ್ ಕಂಬಿ ಅದಕ್ಕೆ ಬದಲಿಯಲ್ಲ. ಟೊಳ್ಳು ಬ್ಲಾಕಿನ ಗೋಡೆಯಾದರೆ ಕಂಬಿ ಬರುವ ಜಾಗವನ್ನು ಕಟ್ಟುವಾಗಲೇ ಕಾಂಕ್ರೀಟಿನಿಂದ ತುಂಬಿಸಿ.

* ಹೊಳಪಿನ ಟೈಲ್ಸ್ ಬೇಡ. ಒರಟು ಮೈಯ, ಗಾತ್ರದಲ್ಲಿ ಚಿಕ್ಕದಾದ ಟೈಲ್ಸ್ ಉತ್ತಮ. ಕೂತು ಸ್ನಾನ ಮಾಡಲು ಗಟ್ಟಿಯಾದ ಸ್ಟೂಲು, ಕೈಗೆಟಕುವ ಎತ್ತರದಲ್ಲಿ ನಲ್ಲಿ ಇರಲಿ.

ಟೈಲ್ಸ್ ಹಾಕುವ ಮುನ್ನ ಬಚ್ಚಲಿನ ತಳದಲ್ಲಿ ಒಂದೆರಡು ದಿನ ನೀರು ಕಟ್ಟಿ ನಿಲ್ಲಿಸಿ ಸೋರಿಕೆ ಪರೀಕ್ಷಿಸಬೇಕು. ಈ ಎರಡು ದಿನಗಳನ್ನು ಉಳಿಸಲು ಹೋದರೆ ಮುಂದೆ ಗೋಡೆಯ ತೇವಕ್ಕೆ ಬೆಲೆ ತೆರಬೇಕಾಗುತ್ತದೆ.

ಹೊಸ್ತಿಲು, ಮೆಟ್ಟಿಲು, ದೀಪ

ಮುಖ್ಯ ಬಾಗಿಲಿನ ಹೊಸ್ತಿಲಿಗೆ ಪೂಜೆಯ ಸ್ಥಾನವಿದೆ, ಅದು ಇರಲಿ. ಆದರೆ ಕೋಣೆ ಮತ್ತು ಬಚ್ಚಲಿನ ಬಾಗಿಲುಗಳಲ್ಲಿ ಎಡವುವಂಥ ಪಟ್ಟಿ ಬೇಡ. ಬಚ್ಚಲಿನ ನೀರು ಹೊರಬಾರದಂತೆ ತಡೆಯಲು ಇಳಿಜಾರು ಸಾಕು.

ಅಂಗಳದಿಂದ ಮನೆಯ ನೆಲದ ಎತ್ತರ ಸಾಮಾನ್ಯವಾಗಿ ಒಂದೂವರೆ ಅಡಿ ಇರುತ್ತದೆ. ಕೇಂದ್ರ ಸರ್ಕಾರದ 2021ರ ಸಾರ್ವತ್ರಿಕ ಪ್ರವೇಶ ಮಾರ್ಗಸೂಚಿಯಂತೆ ಇಳಿಜಾರು ಹಾದಿ 1:12ರ ಪ್ರಮಾಣದಲ್ಲಿರಬೇಕು. ಅಂದರೆ ಒಂದೂವರೆ ಅಡಿ ಏರಲು 18 ಅಡಿ ಉದ್ದದ ಹಾದಿ ಬೇಕು. ಚಿಕ್ಕ ನಿವೇಶನದಲ್ಲಿ ಅಷ್ಟು ಜಾಗವಿಲ್ಲವೆಂದು ಕಡಿದಾದ ಇಳಿಜಾರು ಮಾಡುವುದು ಮೆಟ್ಟಿಲಿಗಿಂತ ಅಪಾಯಕಾರಿ. ಅದರ ಬದಲು 6 ಇಂಚು ಎತ್ತರದ ಅಗಲವಾದ ಮೂರು ಮೆಟ್ಟಿಲು, ಎರಡೂ ಬದಿಗೆ ಹಿಡಿಕಂಬಿ ಮಾಡಿಸುವುದು ಒಳಿತು.

ಮಲಗಿದಲ್ಲಿಂದಲೇ ದೀಪ ಹಾಕುವಂತೆ ಮಂಚದ ಬಳಿ ಇನ್ನೊಂದು ಸ್ವಿಚ್, ಬಚ್ಚಲಿನವರೆಗೆ ರಾತ್ರಿದೀಪ, ಮನೆಯವರ ಕೋಣೆಯಲ್ಲಿ ಕೇಳಿಸುವ ಕರೆಗಂಟೆ ಇರಬೇಕು. ಗೀಸರ್ ಇರುವ ವಿದ್ಯುತ್ ಮಾರ್ಗಕ್ಕೆ 30 ಮಿಲಿ ಆಂಪಿಯರ್ ಸಾಮರ್ಥ್ಯದ ಆರ್‌ಸಿಸಿಬಿ ಅಳವಡಿಸುವುದನ್ನು ಮರೆಯಬಾರದು. ಸೋರಿಕೆಯಾಗುವ ವಿದ್ಯುತ್ತನ್ನು ಗುರುತಿಸಿ ತಕ್ಷಣ ಕಡಿತಗೊಳಿಸುವ ಸಾಧನವಿದು.

ಪರವಾನಗಿ ಮತ್ತು ತೆರಿಗೆ

ಇರುವ ಮನೆಗೆ ಕೋಣೆ ಸೇರಿಸುವುದಕ್ಕೂ ಸ್ಥಳೀಯ ಸಂಸ್ಥೆಯ ಅನುಮತಿ ಬೇಕು. ಬೆಂಗಳೂರಿನಲ್ಲಿ 2025ರಲ್ಲಿ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಹಾಗೂ ಐದು ನಗರ ಪಾಲಿಕೆಗಳು ಬಂದಿರುವುದರಿಂದ, ತಮ್ಮ ಮನೆ ಯಾವ ಪಾಲಿಕೆಗೆ ಸೇರಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಸುತ್ತಲ ತೆರವು ಜಾಗ ಅತಿಕ್ರಮಿಸಿ ಕಟ್ಟುವ ಕೋಣೆಯೇ ಸಾಮಾನ್ಯವಾಗಿ ಕಾಣುವ ಉಲ್ಲಂಘನೆ. ಅನಧಿಕೃತ ಕಟ್ಟಡಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಕಟ್ಟುನಿಟ್ಟಿನ ನಿರ್ದೇಶನ ನೀಡಿ, ವಿದ್ಯುತ್-ನೀರಿನ ಸಂಪರ್ಕ ಮತ್ತು ಬ್ಯಾಂಕ್ ಸಾಲವನ್ನು ಕಟ್ಟಡದ ಪೂರ್ಣತಾ ಪತ್ರಗಳಿಗೆ ಜೋಡಿಸಿದೆ. ಸಣ್ಣ ನಿವೇಶನಗಳಿಗೆ ದೊರೆಯುವ ರಿಯಾಯಿತಿಗಳು ಕಾಲಕಾಲಕ್ಕೆ ಬದಲಾಗುವುದರಿಂದ ಅರ್ಜಿ ಸಲ್ಲಿಸುವ ದಿನದ ನಿಯಮವನ್ನೇ ಕೇಳಿ ತಿಳಿಯಬೇಕು. ಕಟ್ಟಿ ಮುಗಿದ ಮೇಲೆ ಹೆಚ್ಚಿದ ವಿಸ್ತೀರ್ಣವನ್ನು ಆಸ್ತಿ ತೆರಿಗೆಯಲ್ಲಿ ಘೋಷಿಸಬೇಕು. ಪ್ರತ್ಯೇಕ ಅಡುಗೆಮನೆ ಮಾಡುವುದಾದರೆ ಅದನ್ನು ಪ್ರತ್ಯೇಕ ವಾಸದ ಮನೆಯೆಂದು ಪರಿಗಣಿಸುವರೇ ಎಂಬುದನ್ನೂ ವಿಚಾರಿಸಿಕೊಳ್ಳಿ.

ಹಣ ಯಾರದು, ಹಕ್ಕು ಯಾರದು?

ಕುಟುಂಬಗಳು ಮಾತನಾಡಲು ಹಿಂಜರಿಯುವುದು ಇಲ್ಲಿಯೇ. ಊರಿನ ಮನೆಯನ್ನೋ ತುಂಡು ಜಮೀನನ್ನೋ ಮಾರಿ, ಆ ಹಣವನ್ನು ಮಗನ ಅಥವಾ ಅಳಿಯನ ಮನೆಗೆ ಹಾಕುವ ಹಿರಿಯರಿದ್ದಾರೆ. ಕಟ್ಟಿದ ಕೋಣೆ ನಿವೇಶನ ಯಾರ ಹೆಸರಿನಲ್ಲಿದೆಯೋ ಅವರ ಆಸ್ತಿಯ ಭಾಗವಾಗುತ್ತದೆ. ಹಣ ಕೊಟ್ಟವರ ಬಳಿ ಬ್ಯಾಂಕಿನ ಪಾಸ್‌ಬುಕ್ಕಿನ ಒಂದು ಸಾಲಷ್ಟೇ ಉಳಿಯುತ್ತದೆ. ಮುಂದೆ ಬೇರೆ ಮಕ್ಕಳು ತಮ್ಮ ಪಾಲು ಕೇಳಿದಾಗ ಜಗಳ ಹುಟ್ಟುತ್ತದೆ.

ತಂದೆ-ತಾಯಿಯರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಸಂರಕ್ಷಣೆ ಕಾಯ್ದೆ-2007ರ 23ನೇ ಸೆಕ್ಷನ್ ಇಲ್ಲಿ ನೆರವಿಗೆ ಬರುತ್ತದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ಆ ಷರತ್ತನ್ನು ಮುರಿದರೆ, ಹಿರಿಯರು ಕೋರಿದಲ್ಲಿ ವರ್ಗಾವಣೆಯನ್ನು ರದ್ದೆಂದು ಘೋಷಿಸಬಹುದು. ಕಾಯ್ದೆಯ ಅರ್ಥದಲ್ಲಿ ಆಸ್ತಿಯೆಂದರೆ ಸ್ಥಿರ ಮತ್ತು ಚರ ಎರಡೂ. ಕರ್ನಾಟಕದಲ್ಲಿ ದೂರು ಆಲಿಸುವ ನ್ಯಾಯಮಂಡಳಿಗೆ ಉಪವಿಭಾಗಾಧಿಕಾರಿ ಅಧ್ಯಕ್ಷರು. ಷರತ್ತು ಇತ್ತೆಂಬುದನ್ನು ತೋರಿಸಬೇಕಾಗುತ್ತದೆ ಎಂದು 2022ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್, 2025ರ ಜನವರಿಯ ತೀರ್ಪಿನಲ್ಲಿ ಈ ಕಾಯ್ದೆಯನ್ನು ಹಿರಿಯರ ಹಿತಕ್ಕೆ ಪೂರಕವಾಗಿ ಉದಾರವಾಗಿ ಅರ್ಥೈಸಬೇಕೆಂದಿದೆ. ಷರತ್ತನ್ನು ಬರವಣಿಗೆಯಲ್ಲಿ ಇಡುವುದೇ ಕ್ಷೇಮ.

ಕಾಯ್ದೆಯ ‘ಮಕ್ಕಳು’ ಎಂಬ ವ್ಯಾಖ್ಯೆಯಲ್ಲಿ ಮಗ, ಮಗಳು, ಮೊಮ್ಮಕ್ಕಳಿದ್ದಾರೆ. ಸೊಸೆ ಮತ್ತು ಅಳಿಯ ಇಲ್ಲ. ಆದ್ದರಿಂದ ಮನೆ ಅವರ ಹೆಸರಿನಲ್ಲಿದ್ದರೆ ಬರಹದ ಒಪ್ಪಂದ ಇನ್ನಷ್ಟು ಅಗತ್ಯ. ಅದೇ ರೀತಿ ಸೊಸೆಗೂ ಕಾನೂನಿನ ರಕ್ಷಣೆಯಿದೆ. ಈ ಕಾಯ್ದೆಯನ್ನು ಬಳಸಿ, ಕೂಡಿ ಬಾಳಿದ ಮನೆಯಲ್ಲಿ ಆಕೆಗಿರುವ ವಾಸದ ಹಕ್ಕನ್ನು ಕಸಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ, ಬೆಂಗಳೂರು ನಗರ ಜಿಲ್ಲೆಯ ಪ್ರಕರಣವೊಂದರಲ್ಲೇ ತೀರ್ಪು ನೀಡಿದೆ.

ಹಾಗಾಗಿ ಪಾಯ ತೋಡುವ ಮೊದಲೇ ಎಲ್ಲ ಮಕ್ಕಳ ಎದುರು ಮೂರು ವಿಷಯ ನಿರ್ಧಾರವಾಗಲಿ: ಕೊಡುವ ಹಣ ಸಾಲವೋ, ದಾನವೋ, ಪಾಲಿನ ಮುಂಗಡವೋ, ಜೀವಿತಾವಧಿಯವರೆಗೆ ವಾಸದ ಹಕ್ಕು ಇದೆಯೇ, ಮನೆ ಮಾರಿದರೆ ಹಿರಿಯರ ವ್ಯವಸ್ಥೆ ಏನು. ವಕೀಲರ ನೆರವಿನಿಂದ ಇದನ್ನು ಬರೆಸಿ ನೋಂದಾಯಿಸುವುದು ಅವಿಶ್ವಾಸದ ಸೂಚನೆಯಲ್ಲ. ಸಲಹೆ ಬೇಕಾದ ಹಿರಿಯರು ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.

ಗುತ್ತಿಗೆ ಕೊಡುವಾಗ

ಸಣ್ಣ ಕಾಮಗಾರಿಗೆ ಚದರದ ಲೆಕ್ಕದ ದರ ಹೊಂದುವುದಿಲ್ಲ. ಒಡೆಯುವ ಕೆಲಸ, ಬಚ್ಚಲು, ಕೊಳವೆ ಜೋಡಣೆಗಳ ವೆಚ್ಚ ಸಣ್ಣ ವಿಸ್ತೀರ್ಣದ ಮೇಲೆಯೇ ಬೀಳುವುದರಿಂದ ಚದರವೊಂದಕ್ಕೆ ಹೊಸ ಮನೆಗಿಂತ ಹೆಚ್ಚು ಖರ್ಚಾಗುತ್ತದೆ. ಕೆಲಸವಾರು ಪಟ್ಟಿ ಮಾಡಿ ಬೆಲೆ ಬರೆಸಿಕೊಳ್ಳಿ. ಪಾಯ, ಲಿಂಟಲ್, ಮೋಲ್ಡ್, ಗಾರೆ, ನೆಲಹಾಸು ಎಂಬಂತೆ ಹಂತ ಮುಗಿದಂತೆ ಹಣ ಕೊಟ್ಟು, ಕೊನೆಯ ಕಂತನ್ನು ಒಂದು ಮಳೆ ಕಳೆಯುವವರೆಗೆ ಉಳಿಸಿಕೊಳ್ಳುವಂತೆ ಒಪ್ಪಂದದಲ್ಲೇ ಬರೆಸಿ. ಕಾಂಕ್ರೀಟಿಗೆ ಸಾಮಾನ್ಯ ಸಿಮೆಂಟಾದರೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಾದರೆ 10 ದಿನ ನೀರುಣಿಸಬೇಕು.

ಕೆಲಸ ಮುಗಿದ ಮೇಲೆ ಹಿರಿಯರು ಒಂದು ವಾರ ಅಲ್ಲಿ ಇದ್ದು ನೋಡಲಿ. ಸ್ವಿಚ್ ಎಟಕದಿದ್ದರೆ, ಕಂಬಿ ತಪ್ಪಾದ ಕಡೆಯಿದ್ದರೆ ಆಗಲೇ ಸರಿಪಡಿಸಬಹುದು. ಕೋಣೆಗೆ ಹೊರಗಿನಿಂದ ಒಂದು ಬಾಗಿಲಿದ್ದರೆ ಅದರ ಬೀಗದ ಕೈ ಅವರ ಬಳಿಯೇ ಇರಲಿ. ಊರಿನ ಮನೆಯ ಬೀಗದ ಕೈ ಕೈಯಲ್ಲಿ ಹಿಡಿದು ಬಂದವರಿಗೆ ಹೊಸ ಮನೆಯಲ್ಲೂ ತಮ್ಮದೆಂಬ ಒಂದು ಬಾಗಿಲು ಇರಬೇಕು.